ಸೌಂದರ್ಯದ ಅಳತೆಗೋಲು: ಬೆಂಗಳೂರಿನ ವಿಶ್ವಸುಂದರಿ ಸ್ಪರ್ಧೆಯ ವಿರೋಧವನ್ನು ಕುರಿತು ಒಂದು ವಿಚಾರ

೧

ಸೌಂದರ್ಯವು ನೋಡುವವರ ಕಣ್ಣಿನಲ್ಲಿದೆ ಎಂಬ ಮಾತು ಬಹಳ ಹಳೆಯದು. ಹಾಗಾದರೆ ಆ ಕಣ್ಣು ಯಾರದು, ಅದಕ್ಕೆ ಅಳತೆಯನ್ನು ಕಲಿಸಿದವರು ಯಾರು, ಅಳೆಯಿಸಿಕೊಳ್ಳುವವಳಿಗೆ ಆ ಅಳತೆಯ ವಿಷಯದಲ್ಲಿ ಏನಾದರೂ ಮಾತುಂಟೆ ಎಂಬ ಪ್ರಶ್ನೆಗಳು ಮಾತ್ರ ನಮ್ಮ ವಿಮರ್ಶೆಯಲ್ಲಿ ತಡವಾಗಿಯೇ ತಲೆಯೆತ್ತಿದವು. ಕನ್ನಡನಾಡಿನಲ್ಲಿ ಇವು ಪುಟಗಳನ್ನು ಬಿಟ್ಟು ಬೀದಿಗೆ ಇಳಿದುದು ೧೯೯೬ರಲ್ಲಿ. ಆ ವರ್ಷದ ನವೆಂಬರ್ ೨೩ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಅಮಿತಾಭ್ ಬಚ್ಚನ್ ಅವರ ಸಂಸ್ಥೆಯು ಅದರ ನಿರ್ವಹಣೆಯನ್ನು ವಹಿಸಿಕೊಂಡಿತ್ತು. ಎಂಬತ್ತೆಂಟು ದೇಶಗಳ ತರುಣಿಯರು ಬಂದಿದ್ದರು. ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಕಿರೀಟವನ್ನು ಪಡೆದಳು.

ಹೊರಗೆ ಊರಿಗೆ ಊರೇ ಕಾವಲಿನಲ್ಲಿತ್ತು. ರೈತಸಂಘದವರು, ಎಡಪಂಥೀಯ ಮಹಿಳಾ ಸಂಘಟನೆಗಳು, ವಿಮೋಚನಾದಂಥ ಸ್ತ್ರೀಪರ ಸಂಸ್ಥೆಗಳು, ಭಾರತೀಯ ಸಂಸ್ಕೃತಿಯ ರಕ್ಷಣೆಯನ್ನು ಮುಂದೊಡ್ಡಿದ ಬಲಪಂಥದ ಗುಂಪುಗಳು, ಎಲ್ಲರೂ ಒಂದೇ ಸ್ಪರ್ಧೆಯನ್ನು ವಿರೋಧಿಸಿದರು. ಮಹಿಳಾ ಜಾಗರಣ ಎಂಬ ಸಂಘಟನೆಯಿಂದ ಆತ್ಮಾಹುತಿಯ ಬೆದರಿಕೆ ಬಂದಿತು. ಅಂತಿಮ ಸುತ್ತಿಗೆ ಕೆಲವು ದಿನಗಳ ಮುಂಚೆ ಮಧುರೆಯಲ್ಲಿ ಒಬ್ಬ ಯುವಕನು ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟನು. ಈಜುಡುಗೆಯ ಸುತ್ತನ್ನು ಭಾರತದಿಂದ ಹೊರಗೆ, ಸೇಶೆಲ್ಸ್ ದ್ವೀಪಗಳಲ್ಲಿ ನಡೆಸಲಾಯಿತು.

ಅಂದಿನಿಂದ ಇಂದಿಗೆ ಒಂದು ತಲೆಮಾರು ಕಳೆದಿದೆ. ಉದ್ವೇಗವು ಇಳಿದ ಮೇಲೆ ಘಟನೆಯನ್ನು ಪರಿಶೀಲಿಸುವುದು ವಿಮರ್ಶೆಯ ಕೆಲಸ. ಅಂದು ಒಟ್ಟಾಗಿ ಕೇಳಿಸಿದ ಕೂಗಿನಲ್ಲಿ ಎಷ್ಟು ದನಿಗಳಿದ್ದವು, ಅವುಗಳಲ್ಲಿ ಯಾವುದಕ್ಕೆ ಉತ್ತರ ದೊರಕಿತು, ಯಾವುದು ಇನ್ನೂ ಉತ್ತರಕ್ಕಾಗಿ ಕಾದಿದೆ ಎಂಬುದನ್ನು ಇಲ್ಲಿ ವಿಚಾರಿಸುವುದು ನಮ್ಮ ಉದ್ದೇಶ.

೨

ಮೇಲುನೋಟಕ್ಕೆ ಒಂದೇ ಆಗಿ ಕಾಣುವ ಆ ವಿರೋಧದಲ್ಲಿ ಮೂರು ದನಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಮೊದಲನೆಯದು ಮಾನದ ದನಿ. ಹೆಣ್ಣಿನ ಮೈ ಮನೆತನದ, ಕುಲದ, ದೇಶದ ಗೌರವದ ಭಂಡಾರ. ಅದನ್ನು ಹತ್ತು ಜನರ ಮುಂದೆ ತೆರೆದಿಡುವುದು ಆ ಗೌರವಕ್ಕೆ ಕುಂದು ಎಂಬುದು ಇದರ ತಿರುಳು. ಎರಡನೆಯದು ಸ್ವದೇಶಿಯ ದನಿ. ೧೯೯೧ರ ಆರ್ಥಿಕ ಉದಾರೀಕರಣದ ತರುವಾಯ ಬಂದ ವಿದೇಶೀ ಬಂಡವಾಳವನ್ನು ಎದುರಿಸುತ್ತಲಿದ್ದ ರೈತಸಂಘವು ೧೯೯೨ರ ಕೊನೆಯಲ್ಲಿ ಕಾರ್ಗಿಲ್ ಬೀಜದ ಕಂಪನಿಯ ಬೆಂಗಳೂರು ಕಚೇರಿಗೆ ನುಗ್ಗಿತ್ತು. ೧೯೯೬ರ ಜನವರಿಯಲ್ಲಿ ಕೆಂಟಕಿ ಕೋಳಿಯ ಅಂಗಡಿಯ ಮೇಲೆ ಬಿದ್ದಿತ್ತು. ಸುಂದರಿಯರ ಸ್ಪರ್ಧೆಯೂ ಅದೇ ಹಡಗಿನಲ್ಲಿ ಬಂದ ಸರಕು ಎಂಬುದು ಅದರ ನಿಲವು. ಮೂರನೆಯದು ಸ್ತ್ರೀಯ ಘನತೆಯ ದನಿ. ಹೆಣ್ಣನ್ನು ಹೆಣ್ಣಿನ ಎದುರು ನಿಲ್ಲಿಸಿ, ಅಂಗಾಂಗಗಳಿಗೆ ಅಂಕ ಕೊಟ್ಟು, ಗೆದ್ದವಳ ಮುಖವನ್ನು ಬಣ್ಣದ ಡಬ್ಬಿಯ ಮೇಲೆ ಅಚ್ಚೊತ್ತಿ ಉಳಿದೆಲ್ಲ ಹೆಂಗಸರಲ್ಲಿ ತಮ್ಮ ಮೈಯನ್ನು ಕುರಿತು ಅತೃಪ್ತಿಯನ್ನು ಹುಟ್ಟಿಸುವ ವ್ಯವಸ್ಥೆಯನ್ನು ಅದು ಪ್ರಶ್ನಿಸಿತು.

ಮೊದಲನೆಯ ದನಿಗೂ ಮೂರನೆಯದಕ್ಕೂ ಇರುವ ಅಂತರವು ಅಲ್ಪವಾದುದಲ್ಲ. ಹೆಣ್ಣಿನ ಮೈಗೆ ಒಡೆಯರುಂಟು, ಅವರ ಒಪ್ಪಿಗೆಯಿಲ್ಲದೆ ಅದನ್ನು ತೋರಬಾರದು ಎಂದು ಮೊದಲನೆಯದು ಹೇಳುತ್ತದೆ. ಆ ಮೈಗೆ ಅವಳ ಹೊರತು ಒಡೆಯರೇ ಇಲ್ಲ, ಮನೆಯವರೂ ಅಲ್ಲ ಮಾರುಕಟ್ಟೆಯವರೂ ಅಲ್ಲ ಎಂದು ಮೂರನೆಯದು ಹೇಳುತ್ತದೆ. ಇವೆರಡು ಒಂದು ಸಂಜೆ ಒಂದೇ ಚೌಕದಲ್ಲಿ ನಿಂತುದು ಆಕಸ್ಮಿಕ. ಆ ಆಕಸ್ಮಿಕವೇ ಸ್ತ್ರೀಪರ ಚಳವಳಿಗೆ ಹೊರೆಯಾಯಿತು. ಅವರ ಮಾತನ್ನು ಜನರು ಮಾನದ ಮಾತೆಂದೇ ಕೇಳಿದರು.

ಇದಕ್ಕೆ ಪ್ರಮಾಣ ಸೇಶೆಲ್ಸ್ ಪ್ರಸಂಗದಲ್ಲಿಯೇ ಇದೆ. ಈಜುಡುಗೆಯ ಸುತ್ತನ್ನು ಕಡಲಾಚೆಗೆ ಕಳುಹಿಸಿದಾಗ ವ್ಯವಸ್ಥಾಪಕರು ಮಾನದ ದನಿಗೆ ಉತ್ತರ ಕೊಟ್ಟರು. ಘನತೆಯ ದನಿಗೆ ಕೊಡಲಿಲ್ಲ. ಬೆಂಗಳೂರಿನಲ್ಲಿ ಸೀರೆಯುಟ್ಟು ನಿಂತರೂ, ದ್ವೀಪದಲ್ಲಿ ಈಜುಡುಗೆ ತೊಟ್ಟು ನಿಂತರೂ ಅಂಕದ ಪಟ್ಟಿ ಒಂದೇ. ಮುಂದೆ ೨೦೧೪ರಲ್ಲಿ ವಿಶ್ವಸುಂದರಿ ಸ್ಪರ್ಧೆಯು ಈಜುಡುಗೆಯ ಸುತ್ತನ್ನೇ ಕೈಬಿಟ್ಟಿತು; ಅಮೆರಿಕದ ಸ್ಪರ್ಧೆಯು ೨೦೧೮ರಲ್ಲಿ ಹಾಗೆಯೇ ಮಾಡಿತು. ಸ್ಪರ್ಧೆಗಳು ಮಾತ್ರ ನಿಲ್ಲಲಿಲ್ಲ. ಬಟ್ಟೆಯ ಅಳತೆಯೇ ದೋಷವಾಗಿದ್ದರೆ ಆ ದೋಷ ಅಲ್ಲಿಗೆ ಪರಿಹಾರವಾಗಬೇಕಾಗಿತ್ತು. ಪರಿಹಾರವಾಗಲಿಲ್ಲವೆಂದು ನಮಗೆ ಇಂದಿಗೂ ಅನಿಸುತ್ತಿದ್ದರೆ ದೋಷವು ಬೇರೆ ಕಡೆಯಲ್ಲಿದೆ ಎಂದಾಯಿತು.

೩

ಈ ಸ್ಪರ್ಧೆಗಳ ಹುಟ್ಟನ್ನು ನೋಡಿದರೆ ದೋಷದ ನೆಲೆ ತಿಳಿಯುತ್ತದೆ. ೧೯೨೧ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ವ್ಯಾಪಾರಿಗಳು ಬೇಸಗೆಯ ಪ್ರವಾಸಿಗರು ಇನ್ನಷ್ಟು ದಿನ ಊರಿನಲ್ಲಿ ಉಳಿಯಲೆಂದು ಸುಂದರಿಯರ ಮೆರವಣಿಗೆಯನ್ನು ಏರ್ಪಡಿಸಿದರು. ೧೯೫೧ರಲ್ಲಿ ಲಂಡನ್ನಿನ ಎರಿಕ್ ಮಾರ್ಲಿಯು ಬ್ರಿಟನ್ನಿನ ಉತ್ಸವದ ಅಂಗವಾಗಿ ಈಜುಡುಗೆಯ ಸ್ಪರ್ಧೆಯೊಂದನ್ನು ನಡೆಸಿದನು; ವಿಶ್ವಸುಂದರಿ ಎಂಬ ಬಿರುದು ಹುಟ್ಟಿದ್ದು ಅಲ್ಲಿ. ಎರಡರಲ್ಲಿಯೂ ಸೌಂದರ್ಯದ ಜಿಜ್ಞಾಸೆ ಇರಲಿಲ್ಲ. ಜನರನ್ನು ಸೇರಿಸುವ ಉಪಾಯವಿತ್ತು.

ವಿರೋಧವೂ ಹುಟ್ಟಿದ ಊರಿನಲ್ಲಿಯೇ ಮೊದಲಾಯಿತು. ೧೯೬೮ರ ಸೆಪ್ಟೆಂಬರ್ ೭ರಂದು ನ್ಯೂಯಾರ್ಕಿನ ಸ್ತ್ರೀವಾದಿಗಳು ಅಟ್ಲಾಂಟಿಕ್ ಸಿಟಿಯ ಸಭಾಂಗಣದ ಹೊರಗೆ ಒಂದು ಕುರಿಗೆ ಕಿರೀಟ ತೊಡಿಸಿದರು. ಎತ್ತರದ ಹಿಮ್ಮಡಿಯ ಪಾದರಕ್ಷೆ, ಬಿಗಿಯುಡುಪು, ಕಣ್ಣರೆಪ್ಪೆಯ ಕೃತಕ ಕೂದಲು ಇವುಗಳನ್ನು ಒಂದು ಕಸದ ಡಬ್ಬಿಗೆ ಹಾಕಿದರು. ಒಳಉಡುಪುಗಳನ್ನು ಸುಟ್ಟರೆಂಬುದು ಪತ್ರಿಕೆಗಳು ಹಬ್ಬಿಸಿದ ಕತೆ. ಅಲ್ಲಿ ಬೆಂಕಿ ಹತ್ತಲೇ ಇಲ್ಲ. ಪಾಲುಗೊಂಡವರಲ್ಲಿ ಒಬ್ಬಳಾದ ಕ್ಯಾರಲ್ ಹ್ಯಾನಿಶ್ ಅದೇ ವರ್ಷ ಆ ಪ್ರತಿಭಟನೆಯನ್ನು ತಾನೇ ವಿಮರ್ಶಿಸಿ, ಕೆಲವು ಘೋಷಣೆಗಳು ಸ್ಪರ್ಧೆಯನ್ನು ಬಿಟ್ಟು ಸ್ಪರ್ಧಿಗಳಾದ ಹೆಂಗಸರನ್ನೇ ಹಳಿದಂತಾಯಿತೆಂದು ಬರೆದುದು ಗಮನಾರ್ಹ.

ಅದಕ್ಕಿಂತಲೂ ಗಮನಾರ್ಹವಾದುದು ಅದೇ ಊರಿನಲ್ಲಿ ಅದೇ ಇರುಳು ನಡೆದ ಮತ್ತೊಂದು ಪ್ರತಿಭಟನೆ. ಬಿಳಿಯರ ಕಿರೀಟವು ಕರಿಯ ಹೆಣ್ಣಿನ ತಲೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅದಕ್ಕೆ ಎದುರಾಗಿ ನೀಗ್ರೋ ಜನಾಂಗದವರು ತಮ್ಮದೇ ಆದ ಒಂದು ಸೌಂದರ್ಯಸ್ಪರ್ಧೆಯನ್ನು ನಡೆಸಿ ಸಾಂಡ್ರಾ ವಿಲಿಯಮ್ಸಳಿಗೆ ಕಿರೀಟವಿಟ್ಟರು. ಒಂದು ಗುಂಪು ಅಳತೆಗೋಲನ್ನು ಮುರಿಯಬೇಕೆಂದಿತು. ಮತ್ತೊಂದು, ಆ ಕೋಲು ತನ್ನನ್ನೂ ಅಳೆಯಲಿ ಎಂದಿತು. ೧೯೭೦ರ ನವೆಂಬರ್ ೨೦ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ವಿನೋದಗಾರ ಬಾಬ್ ಹೋಪನು ಮಾತನಾಡುತ್ತಿದ್ದಾಗ ಸ್ತ್ರೀವಾದಿಗಳು ವೇದಿಕೆಯತ್ತ ಹಿಟ್ಟಿನ ಪೊಟ್ಟಣಗಳನ್ನು ಎಸೆದರು. ಅದೇ ಸಂಜೆ ಗ್ರೆನಡಾ ದ್ವೀಪದ ಜೆನಿಫರ್ ಹೋಸ್ಟೆನ್ ವಿಶ್ವಸುಂದರಿಯಾದ ಮೊದಲ ಕರಿಯ ಹೆಣ್ಣಾದಳು. ಹಿಟ್ಟು ಎಸೆದವಳ ಮಾತೂ ನಿಜ; ಹೋಸ್ಟೆನ್ನಳ ಕಿರೀಟವನ್ನು ಕಂಡು ಕನ್ನಡಿಯ ಮುಂದೆ ಮೊದಲ ಬಾರಿ ತಲೆಯೆತ್ತಿ ನಿಂತ ಕರಿಯ ಹುಡುಗಿಯ ಸಂತೋಷವೂ ನಿಜ. ಈ ಎರಡು ನಿಜಗಳನ್ನೂ ಒಟ್ಟಿಗೆ ಹಿಡಿಯಲಾರದ ವಿಮರ್ಶೆ ಅರ್ಧ ವಿಮರ್ಶೆ.

ಮುಂಬಯಿಗೂ ಈ ಇತಿಹಾಸದಲ್ಲಿ ಪಾಲಿದೆ. ೧೯೬೬ರಲ್ಲಿ ವಿಶ್ವಸುಂದರಿಯಾದ ರೀಟಾ ಫರಿಯಾ ಇಲ್ಲಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಒಂದು ವರ್ಷದ ಮೆರೆತದ ಬಳಿಕ ಆಕೆ ಆ ಲೋಕವನ್ನು ತೊರೆದು ವೈದ್ಯಳಾದಳು. ೧೯೯೪ರಲ್ಲಿ ಕಿರೀಟ ಧರಿಸಿದ ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ತುಳು ಮನೆತನದ ಹೆಣ್ಣು. ಆ ದಿನಗಳಲ್ಲಿ ಇಲ್ಲಿಯ ಕರಾವಳಿಗರ ಮನೆಗಳಲ್ಲಿ ಉಕ್ಕಿದ ಹೆಮ್ಮೆಯನ್ನು ಸುಳ್ಳೆನ್ನಲು ಬಾರದು. ಆದರೆ ಮೊದಲನೆಯವಳ ಕಾಲಕ್ಕೂ ಎರಡನೆಯವಳ ಕಾಲಕ್ಕೂ ನಡುವೆ ಒಂದು ಮಾರುಕಟ್ಟೆ ಎದ್ದು ನಿಂತಿತ್ತು. ರೀಟಾ ಫರಿಯಾಳ ಕಿರೀಟ ಒಂದು ಕುತೂಹಲ. ೧೯೯೪ರ ಕಿರೀಟಗಳು ಒಂದು ಉದ್ಯಮದ ಮುನ್ನುಡಿ.

೪

ಅಳತೆಗೋಲು ಪಶ್ಚಿಮದಿಂದ ಬಂದುದು, ನಮ್ಮ ಪರಂಪರೆ ಅದರಿಂದ ಮುಕ್ತ ಎಂದು ಹೇಳುವವರುಂಟು. ನಮ್ಮ ಕಾವ್ಯಗಳು ಅದಕ್ಕೆ ಸಾಕ್ಷಿ ಹೇಳಲಾರವು. ಚಂಪೂಕವಿಗಳ ಆಪಾದಮಸ್ತಕ ವರ್ಣನೆಯೂ ಒಂದು ಬಗೆಯ ಅಂಕಪಟ್ಟಿಯೇ. ಕಣ್ಣಿಗೆ ತಾವರೆ, ನಡುವಿಗೆ ಸಿಂಹ, ನಡಗೆಗೆ ಆನೆ ಎಂದು ಕವಿಸಮಯವು ಪ್ರತಿಯೊಂದು ಅಂಗಕ್ಕೂ ಗೊತ್ತಾದ ಉಪಮಾನವನ್ನು ಒದಗಿಸಿತ್ತು; ಆ ಅಚ್ಚಿಗೆ ಒಗ್ಗದ ಹೆಣ್ಣಿಗೆ ನಾಯಿಕೆಯ ಪಟ್ಟವಿರಲಿಲ್ಲ. ೧೧೧೭ರ ಬೇಲೂರಿನ ಮದನಿಕೆಯರು ಶಿಲ್ಪಶಾಸ್ತ್ರದ ತಾಳಮಾನಕ್ಕೆ ಒಳಪಟ್ಟವರು. ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ನಾವು ನೋಡುವಾಗ ಅವಳು ಕನ್ನಡಿಯನ್ನು ನೋಡುತ್ತಾಳೆ. ಅವಳಿಗೆ ಅಲ್ಲಿ ಕಂಡದ್ದೇನೆಂಬುದು ಯಾರಿಗೂ ತಿಳಿಯದು. ಇಂದಿನ ಸ್ಪರ್ಧೆಯ ತೆಳುಮೈಯ ತರುಣಿಗೆ ಬೇಲೂರಿನ ತುಂಬುಮೈಯವಳನ್ನು ಹೋಲಿಸಿದರೆ ಆದರ್ಶ ಎಷ್ಟು ಬದಲಾಗಿದೆ ಎಂಬುದು ಕೂಡಲೆ ಹೊಳೆಯುತ್ತದೆ. ಅಂಕಿ ಬದಲಾಯಿತು, ಅಳತೆ ಉಳಿಯಿತು.

ಆದರೂ ಅದೇ ಪರಂಪರೆಯ ಒಳಗಿನಿಂದ ಈ ಅಳತೆಗೆ ಬಂದ ಪ್ರತಿವಾದಗಳು ಅಸಾಮಾನ್ಯವಾದವು. ಪಂಪನು ೯೪೧ರಲ್ಲಿ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ವೈರಾಗ್ಯದ ಪಾಠವೆಂದು ನಾವು ಓದುತ್ತ ಬಂದಿದ್ದೇವೆ. ಅದನ್ನೇ ನರ್ತಕಿಯ ಕಡೆಯಿಂದ ಓದಬಹುದು. ಇಂದ್ರನ ಅಪ್ಪಣೆಯಂತೆ ಆದಿದೇವನ ಸಭೆಯಲ್ಲಿ ಕುಣಿಯುತ್ತಿದ್ದವಳ ಆಯುಸ್ಸು ಕುಣಿತದ ನಡುವೆ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಕುಣಿತ ಮುಂದುವರಿಯುತ್ತದೆ, ಸಭೆಗೆ ಏನೂ ತಿಳಿಯುವುದಿಲ್ಲ. ತಿಳಿದುದು ಆದಿದೇವನೊಬ್ಬನಿಗೆ. ಬದುಕಿನ ಅನಿತ್ಯತೆ ಅವನಿಗೆ ಹೊಳೆಯಿತು ಎಂಬುದು ಕಾವ್ಯದ ಅಭಿಪ್ರಾಯ. ಆದರೆ ಸಭೆಯ ಕುರುಡು ನಮ್ಮನ್ನು ಇನ್ನೊಂದು ವಿಚಾರಕ್ಕೆ ಎಳೆಯುತ್ತದೆ. ಒಬ್ಬಳು ಸತ್ತು ಮತ್ತೊಬ್ಬಳು ಬಂದರೂ ನೋಡುವವರಿಗೆ ವ್ಯತ್ಯಾಸ ಕಾಣದಿದ್ದರೆ ಅವರು ನೋಡುತ್ತಿದ್ದುದು ಯಾರನ್ನು? ವರ್ಷಕ್ಕೊಮ್ಮೆ ಒಂದು ತಲೆಯಿಂದ ತೆಗೆದು ಮತ್ತೊಂದು ತಲೆಗೆ ಇಡುವ ಕಿರೀಟದ ಅಡಿಯಲ್ಲಿಯೂ ಇದೇ ಇಂದ್ರಜಾಲ ನಡೆದಿದೆ. ಅಲ್ಲಿ ಶಾಶ್ವತವಾಗಿರುವುದು ಕಿರೀಟ. ಬದಲಿಗೆ ಒದಗುವವಳು ಹೆಣ್ಣು.

ಜನ್ನನ ಯಶೋಧರಚರಿತೆ ೧೨೦೯ರದು. ಅದರಲ್ಲಿ ಅಮೃತಮತಿಯು ಇರುಳ ಕೊನೆಯಲ್ಲಿ ಕೇಳಿಬಂದ ಮಾವುತನ ಹಾಡಿಗೆ ಸೋಲುತ್ತಾಳೆ. ದೂತಿಯು ಹೋಗಿ ನೋಡಿ ಬಂದು ಆ ಅಷ್ಟಾವಂಕನ ವಿಕಾರವನ್ನು ಬಣ್ಣಿಸಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಕವಿಯ ಕಣ್ಣಿನಲ್ಲಿ ಅದು ಪಾಪದ ದಾರಿ. ಅವಳು ಮುಂದೆ ಗಂಡನಿಗೂ ಅತ್ತೆಗೂ ವಿಷವಿಕ್ಕುವಳು. ಅವಳನ್ನು ಸಮರ್ಥಿಸುವ ಹಂಬಲ ನಮಗಿಲ್ಲ. ಆದರೆ ಸುಂದರನಾದ ಅರಸನ ಪಕ್ಕದಲ್ಲಿದ್ದು ಕುರೂಪಿಯ ಕೊರಳಿಗೆ ಮನಸೋತ ಹೆಣ್ಣೊಬ್ಬಳನ್ನು ಚಿತ್ರಿಸಿದಾಗ ಜನ್ನನು, ಸೌಂದರ್ಯವನ್ನು ನಿರ್ಣಯಿಸುವ ಇಂದ್ರಿಯ ಹೆಣ್ಣಿಗೂ ಉಂಟು, ಅದು ಸಭೆಯ ನಿರ್ಣಯವನ್ನು ಮೀರಬಲ್ಲುದು ಎಂಬ ಭಯಂಕರ ಸತ್ಯವನ್ನು ಒಪ್ಪಿಕೊಂಡನು. ನೋಡಿಸಿಕೊಳ್ಳುವುದಕ್ಕಾಗಿ ನಿಲ್ಲಿಸಿದ್ದ ನಾಯಿಕೆ ಇಲ್ಲಿ ಕೇಳುವವಳಾದಳು, ಆರಿಸುವವಳಾದಳು. ಕಾರ್ನಾಡರು ೧೯೮೦ರ ಹಿಟ್ಟಿನ ಹುಂಜ ನಾಟಕದಲ್ಲಿ ಈ ಕತೆಗೆ ಮರಳಿ ಬಂದುದು ಅಕಾರಣವಲ್ಲ.

ಅಕ್ಕಮಹಾದೇವಿಯನ್ನು ನೆನೆಯದೆ ಈ ವಿಚಾರ ಮುಗಿಯಲಾರದು. ಅರಸನ ಆಸೆಯನ್ನು ತಿರಸ್ಕರಿಸಿ, ಉಡುಗೆಯನ್ನು ಬಿಸುಟು, ಕೂದಲನ್ನೇ ಹೊದೆದು ಕಲ್ಯಾಣಕ್ಕೆ ನಡೆದಳೆಂದು ಪರಂಪರೆಯು ಅವಳ ಕತೆಯನ್ನು ಕಾದಿರಿಸಿದೆ. ಬರಿಮೈಯೇ ಅವಮಾನವೆಂದಾದರೆ ಅಕ್ಕನನ್ನು ಎಲ್ಲಿ ಇರಿಸುವುದು? ಅನುಭವಮಂಟಪದಲ್ಲಿ ಅಲ್ಲಮನು ಅವಳನ್ನು ಕೇಳಿದ ಕಠಿನ ಪ್ರಶ್ನೆಗಳಿಗೆ ಅವಳು ಕೊಟ್ಟ ಉತ್ತರಗಳಲ್ಲಿ ನಾಚಿಕೆಯ ಸುಳಿವಿಲ್ಲ. ಅವಳ ಬತ್ತಲೆ ಕೌಶಿಕನ ಕಣ್ಣಿನಿಂದ ತನ್ನ ಮೈಯನ್ನು ಬಿಡಿಸಿಕೊಂಡ ಬತ್ತಲೆ. ಸ್ಪರ್ಧೆಯ ಬತ್ತಲೆ ಕೌಶಿಕನ ಕಣ್ಣಿಗಾಗಿಯೇ ಸಿದ್ಧಪಡಿಸಿದ್ದು. ೧೯೯೬ರಲ್ಲಿ ಮಾನದ ಹೆಸರಿನಲ್ಲಿ ಕೂಗಿದವರು ಈ ಭೇದವನ್ನು ಕಾಣಲಿಲ್ಲ. ನಮ್ಮ ಸಂಸ್ಕೃತಿ ಎಂದು ಅವರು ಕರೆದುದರಲ್ಲಿ ಅಕ್ಕನಿಗೆ ಸ್ಥಳವಿರಲಿಲ್ಲ.

ಆ ಸಂಸ್ಕೃತಿಗೆ ಇನ್ನೊಂದು ಮುಖವೂ ಉಂಟು. ಎಂ. ಕೆ. ಇಂದಿರಾ ಅವರ ಫಣಿಯಮ್ಮ ೧೯೭೬ರಲ್ಲಿ ಪ್ರಕಟವಾಯಿತು. ಬಾಲವಿಧವೆಯ ತಲೆಯನ್ನು ಬೋಳಿಸಿ, ಕೆಂಪು ಸೀರೆಯಲ್ಲಿ ಸುತ್ತಿ, ಅವಳನ್ನು ಕಣ್ಣಿಗೆ ಬೀಳದಂತೆ ಮಾಡಿದ ಸಮಾಜವೂ ಹೆಣ್ಣಿನ ಮೈಗೆ ಅಂಕ ಕೊಟ್ಟಿತ್ತು. ಆ ಅಂಕ ಸೊನ್ನೆ. ಕಾದಂಬರಿಯಲ್ಲಿ ತರುಣಿ ದಾಕ್ಷಾಯಣಿಯು ತಲೆಯೊಡ್ಡಲು ಒಪ್ಪದೆ ನಿಂತಾಗ ಹಿರಿಯಳಾದ ಫಣಿಯಮ್ಮ ಅವಳ ಪರ ವಹಿಸುವುದು ಕನ್ನಡದಲ್ಲಿ ಸೌಂದರ್ಯವನ್ನು ಕುರಿತು ಬಂದ ಅತ್ಯಂತ ಮಿತಭಾಷೆಯ ಪ್ರತಿಭಟನೆ. ಕಿರೀಟವಿಡುವ ಕೈಯೂ ಕ್ಷೌರದ ಕತ್ತಿ ಹಿಡಿಯುವ ಕೈಯೂ ಒಂದೇ ಹಕ್ಕನ್ನು ಸಾಧಿಸುತ್ತವೆ: ಈ ಮೈ ಹೇಗೆ ಕಾಣಬೇಕೆಂಬುದನ್ನು ನಾವು ನಿರ್ಧರಿಸುತ್ತೇವೆ ಎಂಬ ಹಕ್ಕು.

೫

ಈಚಿನ ವರ್ಷಗಳಲ್ಲಿ ಆದರ್ಶಗಳು ಬದಲಾಗುತ್ತಿವೆ ಎಂಬ ಮಾತು ಎಲ್ಲೆಡೆ ಕೇಳಿಸುತ್ತದೆ. ೧೯೭೫ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿ ಲೇಪವು ೨೦೨೦ರಲ್ಲಿ ತನ್ನ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದು ಗ್ಲೋ ಅಂಡ್ ಲವ್ಲಿ ಎಂದಾಯಿತು. ಭುವನಸುಂದರಿ ಸ್ಪರ್ಧೆಯು ಮದುವೆಯಾದವರಿಗೂ ತಾಯಂದಿರಿಗೂ ಬಾಗಿಲು ತೆರೆದು, ಅನಂತರ ವಯಸ್ಸಿನ ಮೇಲಿನ ಎಲ್ಲೆಯನ್ನೂ ತೆಗೆದುಹಾಕಿತು. ಇವು ಒಳ್ಳೆಯ ಬದಲಾವಣೆಗಳಲ್ಲವೆಂದು ಹೇಳುವುದು ಹಟವಾದೀತು. ಆದರೆ ಅಳೆಯಿಸಿಕೊಳ್ಳುವವರ ಸಂಖ್ಯೆ ಹೆಚ್ಚಿದೆಯೇ ಹೊರತು ಅಳೆಯುವವರ ಅಧಿಕಾರ ಕುಗ್ಗಿಲ್ಲ. ಮೊದಲು ಇಪ್ಪತ್ತರ ಹೆಣ್ಣಿಗೆ ಇದ್ದ ಆತಂಕ ಈಗ ನಲವತ್ತರವಳಿಗೂ ದೊರಕಿದೆ. ೨೦೦೫ರಿಂದ ಗಂಡಸರಿಗೂ ಬಿಳುಪಿನ ಲೇಪ ಬಂದಿದೆ. ಸಮಾನತೆ ಬರಬೇಕಾಗಿದ್ದುದು ಈ ದಾರಿಯಿಂದಲ್ಲ.

೨೦೨೫ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯ ಸಂದರ್ಭದಲ್ಲಿ ತೆಲಂಗಾಣದ ರಾಮಪ್ಪ ದೇವಾಲಯಕ್ಕೆ ಬಂದ ಸ್ಪರ್ಧಿಗಳ ಕಾಲುಗಳನ್ನು ಸ್ಥಳೀಯ ಹೆಂಗಸರಿಂದ ತೊಳೆಯಿಸಲಾಯಿತೆಂಬ ಆಕ್ಷೇಪ ಎದ್ದಿತು. ೧೨೧೩ರ ಆ ಗುಡಿಯ ಚಾಚುಪೀಠಗಳಲ್ಲಿಯೂ ಬೇಲೂರಿನವರ ತಂಗಿಯರಂತಿರುವ ಮದನಿಕೆಯರಿದ್ದಾರೆ. ಮೇಲೆ ಕಲ್ಲಿನ ಸುಂದರಿಯರು, ನಡುವೆ ಕಿರೀಟಾಕಾಂಕ್ಷಿಗಳು, ಕೆಳಗೆ ನೀರಿನ ಪಾತ್ರೆ ಹಿಡಿದು ಬಾಗಿದ ಹೆಂಗಸರು. ಈಜುಡುಗೆ ಅಲ್ಲಿ ಇರಲಿಲ್ಲ; ಸಂಪ್ರದಾಯ ಇತ್ತು, ಅತಿಥಿಸತ್ಕಾರ ಇತ್ತು. ಮಾನದ ದೃಷ್ಟಿಯಿಂದ ನೋಡಿದವನಿಗೆ ಅಲ್ಲಿ ಆಕ್ಷೇಪಿಸಲು ಏನೂ ಇಲ್ಲ. ಘನತೆಯ ದೃಷ್ಟಿಯಿಂದ ನೋಡಿದವನಿಗೆ ಆಕ್ಷೇಪದ ಹೊರತು ಬೇರೇನೂ ಇಲ್ಲ. ಅದೇ ಸ್ಪರ್ಧೆಯಿಂದ ಇಂಗ್ಲೆಂಡಿನ ಸ್ಪರ್ಧಿಯೊಬ್ಬಳು ನಡುವೆಯೇ ಹಿಂದೆ ಸರಿದು ತನ್ನ ಅಸಮಾಧಾನವನ್ನು ಬಹಿರಂಗಪಡಿಸಿದುದು, ಪ್ರತಿಭಟನೆಯು ಈಗ ಬೀದಿಯಿಂದ ವೇದಿಕೆಯ ಒಳಗೂ ಪ್ರವೇಶಿಸಿದೆ ಎಂಬುದಕ್ಕೆ ಗುರುತು.

೬

ಇನ್ನು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿದ ಕನ್ನಡಿಗರಾದ ನಮ್ಮ ಕಡೆಗೆ ತಿರುಗೋಣ. ಬೆಂಗಳೂರಿನ ಕ್ರೀಡಾಂಗಣದ ಗಲಾಟೆ ನಮಗೆ ದೂರದ್ದು ಎಂದುಕೊಳ್ಳುವುದು ಸುಲಭ. ಆದರೆ ನಾಡನ್ನು ಬಿಟ್ಟು ಬಂದವರಿಗೆ ನಾಡಿನ ಗುರುತು ಬೇಕಾಗುತ್ತದೆ. ಆ ಗುರುತಿನ ಭಾರವನ್ನು ನಾವು ಬಹುಮಟ್ಟಿಗೆ ಹೆಣ್ಣಿನ ಮೈಮೇಲೆ ಹೊರಿಸಿದ್ದೇವೆ. ಗಂಡಸು ಮೊದಲ ವಾರದಲ್ಲಿಯೇ ಷರಾಯಿ ತೊಟ್ಟು ಮುಂಬಯಿಯವನಾದನು. ಹೆಂಗಸು ಮಾತ್ರ ಮಲ್ಲಿಗೆ, ಕುಂಕುಮ, ಉದ್ದನೆಯ ಜಡೆ, ಇಳಕಲ್ ಸೀರೆಗಳಲ್ಲಿ ಊರನ್ನು ಹೊತ್ತು ತಿರುಗಬೇಕಾಯಿತು. ರಾಜ್ಯೋತ್ಸವದ ದಿನ ಅತಿಥಿಗಳ ಮುಂದೆ ಪೂರ್ಣಕುಂಭ ಹಿಡಿದು ಸಾಲಾಗಿ ನಿಲ್ಲುವ ಹೆಣ್ಣುಮಕ್ಕಳನ್ನು ಆರಿಸುವಾಗ ಯಾವ ಅಳತೆಗೋಲು ನಮ್ಮ ಕೈಯಲ್ಲಿರುತ್ತದೆ? ಅವರಲ್ಲಿ ಎಷ್ಟು ಮಂದಿಗೆ ಅದೇ ಸಭೆಯಲ್ಲಿ ಭಾಷಣಪೀಠ ದೊರೆಯುತ್ತದೆ? ವಧೂವರ ವಿಜ್ಞಾಪನೆಗಳಲ್ಲಿ ಗೌರವರ್ಣದ ಬೇಡಿಕೆ ಇಂದಿಗೂ ಅಚ್ಚಾಗುತ್ತಿರುವಾಗ ವಿಶ್ವಸುಂದರಿಯ ತೀರ್ಪುಗಾರರನ್ನು ಹಳಿಯುವ ಹಕ್ಕು ನಮಗೆಷ್ಟು? ಮನೆಯೊಳಗಿನ ಸ್ಪರ್ಧೆಗೆ ಟಿಕೀಟಿಲ್ಲ, ಕಿರೀಟವಿಲ್ಲ. ಸೋಲು ಮಾತ್ರ ಇದೆ.

ಸೌಂದರ್ಯವನ್ನೇ ತೊರೆಯಬೇಕೆಂದು ಯಾರೂ ಹೇಳುವುದಿಲ್ಲ. ಸಿಂಗಾರದಲ್ಲಿ ಹೆಣ್ಣಿಗೆ ಸ್ವಂತದ ಸುಖವುಂಟು ಎಂಬುದನ್ನು ಸ್ತ್ರೀವಾದದ ಕೆಲವು ಪ್ರವಾಹಗಳು ಅಲಕ್ಷ್ಯ ಮಾಡಿದುದು ನಿಜ. ಈ ಮಾತಿಗೆ ದೃಷ್ಟಾಂತ ನಮ್ಮ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿಯೇ ಇದೆ. ಕಲ್ಯಾಣದಿಂದ ಹೊರಟ ಗಾಡಿಯಲ್ಲಿ ಮಾರುವವಳ ಹಲಗೆಯಿಂದ ಬಿಂದಿಯನ್ನೋ ಓಲೆಯನ್ನೋ ಆರಿಸಿ, ಪಕ್ಕದವಳ ಕಿವಿಗೆ ಹಿಡಿದು ನೋಡಿ, ಚೌಕಾಸಿ ಮಾಡಿ ಕೊಳ್ಳುವ ಹೆಂಗಸರು ಯಾರ ಅಂಕಕ್ಕಾಗಿಯೂ ಕಾಯುವುದಿಲ್ಲ. ನವರಾತ್ರಿಯ ಒಂಬತ್ತು ದಿನ ದಿನಕ್ಕೊಂದು ಬಣ್ಣವನ್ನುಡುವ ರೂಢಿಯನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಪ್ರಚಾರಕ್ಕೆ ತಂದುದು ಒಂದು ಮರಾಠಿ ದಿನಪತ್ರಿಕೆ. ಅದರಲ್ಲಿ ವ್ಯಾಪಾರದ ಹಿತವೂ ಬೆರೆತಿದೆ. ಆದರೂ ಒಂದು ಮುಂಜಾನೆ ಡಬ್ಬಿಗೆ ಡಬ್ಬಿಯೇ ಹಳದಿಯಾದಾಗ ಅಧಿಕಾರಿಣಿಯೂ ಕಸಗುಡಿಸುವವಳೂ, ಕಪ್ಪಿನವಳೂ ಬಿಳುಪಿನವಳೂ, ಮರಾಠಿಗಳೂ ಕನ್ನಡಿಗಳೂ ಒಂದೇ ಬಣ್ಣದಲ್ಲಿ ನಿಲ್ಲುತ್ತಾರೆ. ಅಲ್ಲಿ ಗೆಲ್ಲುವವಳಿಲ್ಲವಾದುದರಿಂದ ಸೋಲುವವಳೂ ಇಲ್ಲ. ಚೆಲುವು ಹೆಣ್ಣನ್ನು ಹೆಣ್ಣಿನಿಂದ ಬೇರ್ಪಡಿಸದೆ ಹತ್ತಿರ ತರುವ ಸಾಧ್ಯತೆ ನಮ್ಮ ದಿನನಿತ್ಯದ ಪಯಣದಲ್ಲಿದೆ.

ಒಟ್ಟಿನಲ್ಲಿ ೧೯೯೬ರ ಪ್ರತಿಭಟನೆಯನ್ನು ಮೂರು ದನಿಗಳಾಗಿ ಬಿಡಿಸಿ ಕೇಳದೆ ಅದರ ಬೆಲೆಯನ್ನು ಕಟ್ಟಲಾಗದು. ಮಾನದ ದನಿಗೆ ಅಂದೇ ಉತ್ತರ ಸಿಕ್ಕಿತು. ಸ್ವದೇಶಿಯ ದನಿಯನ್ನು ಕಾಲ ಮೀರಿ ನಡೆಯಿತು. ಘನತೆಯ ದನಿ ಮಾತ್ರ ಪ್ರಶ್ನೆಯಾಗಿಯೇ ಉಳಿದಿದೆ. ಅದಕ್ಕೆ ಉತ್ತರವನ್ನು ಸ್ಪರ್ಧೆಯ ವ್ಯವಸ್ಥಾಪಕರು ಕೊಡಲಾರರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಕುಳಿತ ಹಿರಿಯರು, ವೇದಿಕೆಯನ್ನು ಸಿದ್ಧಪಡಿಸುವ ಸಂಘದ ಕಾರ್ಯಕರ್ತರು, ನಾಯಿಕೆಯನ್ನು ವರ್ಣಿಸಲು ಲೇಖನಿ ಹಿಡಿದ ಲೇಖಕರು ಅದನ್ನು ಕೊಡಬೇಕಾಗಿದೆ. ಪಂಪನ ಸಭೆಯಲ್ಲಿ ಬದಲಾದ ಹೆಣ್ಣನ್ನು ಗುರುತಿಸಿದವನು ಒಬ್ಬನೇ. ನಮ್ಮ ಸಭೆಗಳಲ್ಲಿ ಆ ಸಂಖ್ಯೆ ಹೆಚ್ಚಬೇಕು.